ಹತ್ತು ನಿಮಿಷದ ಮದರಂಗಿ

ಕಳೆದ ನಾಗರಪಂಚಮಿಯ ಹಬ್ಬ ಮುಗಿಸಿ ಕಾಲೇಜಿಗೆ ಹೋದ ದಿನ ಅಧ್ಯಾಪಕರ ಕೊಠಡಿಯಲ್ಲಿ ನನ್ನ ಕೈಗಳ ವಿಚಾರಣೆ ನಡೆಯಿತು. ಬೆರಳ ತುದಿಗಳಿಗೆಲ್ಲ ಟೊಪ್ಪಿಗೆ ಇಟ್ಟಂತೆ ಕೆಂಪು. ಅಂಗೈಯ ನಡುವೆ ಬೆಳ್ಳಿ ರೂಪಾಯಿಯಗಲದ ಚಂದಪ್ಪ. ಅವನ ಸುತ್ತ ಏಳೆಂಟು ಚಿಕ್ಕೆ. "ಏನ್ರೀ ಮೇಡಂ, ಇನ್ನೂ ರಾತ್ರಿಯೆಲ್ಲಾ ಕೈ ಕಟಗೊಂಡು ಕೂಡ್ತೀರೇನು? ಮಾರ್ಕೆಟಿನ್ಯಾಗ ಹತ್ತು ನಿಮಿಷದ ಕೋನು ಸಿಗತೈತಿ. ಹಚ್ಚು, ತೊಳಿ, ಮುಗೀತು" ಎಂದರು ಒಬ್ಬ ಮಿತ್ರರು. ಇನ್ನೊಬ್ಬರು, ಅವರು ಇತಿಹಾಸದವರು, "ಅದು ನಮ್ಮದ ಅಲ್ಲ ಬಿಡ್ರಿ, ಮೆಹಂದಿ ಹೊರಗಿನಿಂದ ಬಂದದ್ದು" ಎಂದು ತೀರ್ಪು ಕೊಟ್ಟರು. ಅಷ್ಟರಲ್ಲಿ ಗಂಟೆ ಬಾರಿಸಿತು. ಉತ್ತರ ಬಾಯಲ್ಲಿಯೇ ಉಳಿಯಿತು. ತರಗತಿಯಲ್ಲಿ ಷಟ್ಪದಿಯ ಮಾತ್ರೆಗಳನ್ನು ಎಣಿಸುತ್ತಿದ್ದರೂ ಮನಸ್ಸು ಆ ಹತ್ತು ನಿಮಿಷಗಳನ್ನೇ ಎಣಿಸುತ್ತಿತ್ತು. ಅಂದು ಕೊಡಬೇಕಾಗಿದ್ದ ಉತ್ತರವನ್ನು ಇಲ್ಲಿ ಕೊಡುತ್ತಿದ್ದೇನೆ. ಮಿತ್ರರಿಬ್ಬರೂ ಈ ಪುರವಣಿಯನ್ನು ಓದುವವರೇ ಆಗಿರುವುದರಿಂದ ಅವರ ಕಣ್ಣಿಗೆ ಬೀಳದೆ ಹೋಗಲಾರದು.

ಮೊದಲು ಹತ್ತು ನಿಮಿಷದ ಮಾತು. ಬಬಲೇಶ್ವರದಲ್ಲಿ ನನ್ನ ಅಕ್ಕನ ಮಗಳ ಮದುವೆ. ರವಿವಾರ ಅಕ್ಕಿಕಾಳು, ಗುರುವಾರ ರಾತ್ರಿ ಮೆಹಂದಿ ಶಾಸ್ತ್ರ. (ನಮ್ಮ ಕಾಲಕ್ಕೆ ಮದರಂಗಿ ಹಚ್ಚುವುದಿತ್ತು, ಅದು ಶಾಸ್ತ್ರವಾದದ್ದು, ಅದಕ್ಕೆ ಪೆಂಡಾಲು, ಹಸಿರು ಸೀರೆ, ಧ್ವನಿವರ್ಧಕ ಬಂದದ್ದು ಹಿಂದೀ ಸಿನಿಮಾ ನೋಡಿದ ಮೇಲೆ.) ಪಟ್ಟಣದಿಂದ ಬಂದ ಹುಡುಗಿಯೊಬ್ಬಳು ಮೊಳಕೈವರೆಗೆ ನವಿಲು, ಕಮಲ, ಪಲ್ಲಕ್ಕಿಗಳನ್ನು ಬರೆದಳು. ಕೈ ಚೆಂದವಿತ್ತು, ಸುಳ್ಳು ಹೇಳಲಾರೆ. ಅರ್ಧ ತಾಸಿನೊಳಗೆ ತೊಳೆದರು, ಕಾಡಿಗೆಯಂಥ ಕಪ್ಪು. ಹೆಂಗಸರೆಲ್ಲ ಬೆರಗಾದರು. ಶನಿವಾರ ಬೆಳಗಿಗೆ ಆ ನವಿಲುಗಳು ಎದ್ದುನಿಂತವು. ಗೆರೆ ಎಳೆದಲ್ಲೆಲ್ಲ ಬೊಬ್ಬೆ, ಬೊಬ್ಬೆಯೊಡೆದಲ್ಲಿ ನೀರು, ಮಣಿಕಟ್ಟು ಬಾತು ಬಳೆ ಇಳಿಯದೆ ಹೋಯಿತು. ಹಸಿರು ಬಳೆಯನ್ನು ಒಡೆದು ತೆಗೆಯಬೇಕಾದಾಗ ನಮ್ಮ ಅಕ್ಕ ಅತ್ತ ಅಳು ಹೇಳತೀರದು. ಮದುವೆಯೇನೋ ಆಯಿತು. ಅಕ್ಷತೆ ಬೀಳುವಾಗ ಮದುಮಗಳ ಕೈಗೆ ಬಿಳಿ ಅರಿವೆ ಸುತ್ತಿತ್ತು. ಗಾಯ ಮಾಯ್ದರೂ ಆ ಚಿತ್ತಾರದ ಕಲೆ ತಿಂಗಳುಗಟ್ಟಲೆ ಮುಂಗೈ ಮೇಲೆ ಉಳಿಯಿತು.

"ಚಿಗವ್ವಾ, ಹ್ವಾದ ವರ್ಷ ಇಂಥಾದ್ದ ಕೋನು ಹಚ್ಚಿಸಿಕೊಂಡಿದ್ನೆಲ್ಲ, ಅವಾಗ ಏನೂ ಆಗಲಿಲ್ಲ" ಎಂದು ಆಕೆ ಮತ್ತೆ ಮತ್ತೆ ಕೇಳಿದಳು. ವಾಚಕರು ಈ ಮಾತನ್ನು ಗಮನಿಸಬೇಕು. ಯಾಕೆಂದರೆ ಈ ವಿಷಯದಲ್ಲಿ ಎಲ್ಲರೂ ಹೂಡುವ ವಾದ ಇದೇ: ನಾವು ಹಚ್ಚಿದ್ದೇವೆ, ನಮಗೇನೂ ಆಗಿಲ್ಲ. ಚರ್ಮದ ವೈದ್ಯರು ವಿವರಿಸಿದ ಮೇಲೆ ನನಗೆ ತಿಳಿದದ್ದೇನೆಂದರೆ, ಹೋದ ವರ್ಷ ಏನೂ ಆಗದಿದ್ದುದೇ ಈ ವರ್ಷದ ಅನರ್ಥಕ್ಕೆ ಪೀಠಿಕೆ. ಕಪ್ಪು ಮೆಹಂದಿ ಎಂದು ಕರೆಯಿಸಿಕೊಳ್ಳುವ ಈ ಪದಾರ್ಥಕ್ಕೆ ಬೆರೆಸುವುದು ಪ್ಯಾರಾಫಿನೈಲಿನ್‌ಡಯಮೀನ್ ಎಂಬ ರಾಸಾಯನಿಕ, ಚುಟುಕಾಗಿ ಪಿಪಿಡಿ. ಕೂದಲು ಕಪ್ಪು ಮಾಡುವ ಬಣ್ಣಗಳಲ್ಲಿ ಇರುವುದೂ ಇದೇ. ಮೊದಲ ಸಲ ಚರ್ಮಕ್ಕೆ ತಗಲಿದಾಗ ಎಷ್ಟೋ ಜನರಿಗೆ ಏನೂ ತೋರುವುದಿಲ್ಲ. ಆದರೆ ಕೆಲವರ ಮೈ ಒಳಗೊಳಗೇ ಅದನ್ನು ಶತ್ರುವೆಂದು ಗುರುತಿಟ್ಟುಕೊಳ್ಳುತ್ತದೆ. ಎರಡನೆಯ ಸಲ ತಗಲಿದ ಒಂದರಿಂದ ಮೂರು ದಿನಗಳೊಳಗೆ ಸೇಡು ತೀರಿಸಿಕೊಳ್ಳುತ್ತದೆ. ಒಮ್ಮೆ ಗುರುತಿಟ್ಟದ್ದು ಸಾಮಾನ್ಯವಾಗಿ ಬದುಕಿರುವವರೆಗೂ ಅಳಿಯುವುದಿಲ್ಲ. ನಮ್ಮ ಹುಡುಗಿ ಇನ್ನು ಮುಂದೆ ಕೂದಲಿಗೆ ಕಪ್ಪು ಬಣ್ಣ ಹಚ್ಚುವಂತಿಲ್ಲ. ಕೆಲವು ಗಾಢ ಬಣ್ಣದ ಬಟ್ಟೆಗಳೂ ಆಕೆಗೆ ಒಗ್ಗಲಿಕ್ಕಿಲ್ಲವೆಂದು ವೈದ್ಯರು ಎಚ್ಚರಿಸಿದ್ದಾರೆ. ಇಪ್ಪತ್ತಮೂರನೆಯ ವಯಸ್ಸಿಗೆ ಮದುವೆಯ ಉಡುಗೊರೆಯಾಗಿ ದೊರೆತದ್ದು ಇದು. ಅಮೆರಿಕದ ಸಂಪರ್ಕ ಚರ್ಮರೋಗ ತಜ್ಞರ ಸಂಘವು ೨೦೦೬ರಲ್ಲಿ ಈ ಪಿಪಿಡಿಯನ್ನು 'ವರ್ಷದ ಅಲರ್ಜಿಕಾರಕ' ಎಂದು ಹೆಸರಿಸಿತಂತೆ. ಪ್ರಶಸ್ತಿಗಳು ಎಂತೆಂಥವರಿಗೆ ಸಿಗುತ್ತವೆ ನೋಡಿರಿ. ಯುರೋಪಿನ ಒಕ್ಕೂಟದಲ್ಲಿ ಕೂದಲ ಬಣ್ಣದಲ್ಲಿಯೂ ಇದು ನೂರಕ್ಕೆ ೨ ಪಾಲು ಮೀರಕೂಡದು. ಚರ್ಮದ ಮೇಲೆ ಚಿತ್ತಾರ ಬರೆಯಲಿಕ್ಕಂತೂ ಪರವಾನಿಗೆಯೇ ಇಲ್ಲ.

ಹಾಗಾದರೆ ಹತ್ತು ನಿಮಿಷದಲ್ಲಿ ಬಣ್ಣ ಬರುವ ಕೋನುಗಳೆಲ್ಲ ವಿಷವೇ ಎಂದು ಮಿತ್ರರು ಕೇಳಬಹುದು. ಪ್ರತಿಯೊಂದರಲ್ಲಿ ಏನಿದೆಯೆಂದು ನಾನು ಪರೀಕ್ಷಿಸಿಲ್ಲ. ಆದರೆ ಅದರ ಬಣ್ಣ ಮದರಂಗಿಯದಲ್ಲ ಎಂದು ಮಾತ್ರ ಧೈರ್ಯವಾಗಿ ಹೇಳಬಲ್ಲೆ. ಮದರಂಗಿಯ ಎಲೆಯಲ್ಲಿ ಬಣ್ಣ ಕೊಡುವ ಅಂಶ ಲಾಸೋನ್ ಎಂಬುದು. ಒಣಗಿದ ಎಲೆಯಲ್ಲಿ ಅದು ನೂರಕ್ಕೆ ಒಂದೆರಡು ಪಾಲಿನಷ್ಟೇ. ಅದೂ ಎಲೆಯೊಳಗೆ ಬಂಧಿಯಾಗಿರುತ್ತದೆ. ಎಲೆಯನ್ನು ಅರೆದು ಹುಳಿ ಕೂಡಿಸಿ ಇಟ್ಟಾಗ ಮೆಲ್ಲಗೆ ಬಿಡುಗಡೆಯಾಗುತ್ತದೆ. ಬಿಡುಗಡೆಯಾದದ್ದು ಚರ್ಮದ ಮೇಲುಪದರಿನ ಕೆರಾಟಿನ್ನಿಗೆ ಹೋಗಿ ಅಂಟಿಕೊಳ್ಳುತ್ತದೆ. ಇದಕ್ಕೆಲ್ಲ ತಾಸುಗಳು ಬೇಕು. ಕೆರೆದು ತೆಗೆದಾಗ ಕಾಣುವುದು ಕಿತ್ತಳೆ ಬಣ್ಣ. ಗಾಳಿ ಕುಡಿದು ಅದು ಕೆಂಪಾಗಿ, ಕಂದಾಗಿ ಏರಲು ಇನ್ನೂ ಒಂದೆರಡು ದಿನ. ತೊಳೆದ ಕೂಡಲೇ ಕಪ್ಪಾಗುವ ಮದರಂಗಿ ಭೂಮಿಯ ಮೇಲೆ ಬೆಳೆದಿಲ್ಲ. ಅವ್ವ ಹುಣಸೆಹಣ್ಣು ಹಾಕುತ್ತಿದ್ದುದು, ಬೆಳಿಗ್ಗೆ ನೀರು ಮುಟ್ಟಗೊಡದೆ ಕುಸುಬಿ ಎಣ್ಣೆ ತಿಕ್ಕುತ್ತಿದ್ದುದು ಹಳ್ಳಿಯ ಮೌಢ್ಯವೆಂದು ನಾನೂ ಎಂ.ಎ. ಮಾಡುವ ಕಾಲಕ್ಕೆ ನಕ್ಕವಳೇ. ರಸಾಯನಶಾಸ್ತ್ರದ ಸಹೋದ್ಯೋಗಿಯೊಬ್ಬರು ಹಲಗೆಯ ಮೇಲೆ ಬರೆದು ತೋರಿಸಿದ ಮೇಲೆ ನಗೆ ನಿಂತಿತು.

ನನ್ನ ತವರು ತಿಕೋಟಾ. ನಮ್ಮ ಹೊಲದ ಬಾವಿಯಿಂದ ದಾರಿಯವರೆಗೆ ಮದರಂಗಿಯ ಬೇಲಿ ಇತ್ತು. ಕತ್ತರಿಸಿದಷ್ಟೂ ಚಿಗುರುವ ಗಿಡ. ನಮ್ಮ ಸೀಮೆಯ ಬಿಸಿಲಿಗೆ ಜಗ್ಗದು. ಬೇಸಗೆಯ ಸಂಜೆ ಅದರ ಸಣ್ಣ ಬಿಳಿ ಹೂಗಳ ಕಂಪು ಬಾವಿಯ ಕಟ್ಟೆಗೂ ಬರುತ್ತಿತ್ತು. ಪಂಚಮಿಯ ಹಿಂದಿನ ದಿನ ನಾವು ಹುಡುಗಿಯರು ಉಡಿಯ ತುಂಬ ಎಲೆ ಹರಿದು ತರುವುದು, ಅವ್ವ ಮತ್ತು ವೈನಿ ಒರಳಿನಲ್ಲಿ ಅರೆಯುವುದು, ಅದಕ್ಕೆ ಚೂರು ಕಾಚು, ಹುಣಸೆಹುಳಿ. ಊಟವಾದ ಮೇಲೆ ಸಾಲಾಗಿ ಕೂಡಿಸಿ ಬೆರಳಿಗೆ ಟೊಪ್ಪಿಗೆ ಹಾಕಿ, ಅಂಗೈಯಲ್ಲಿ ಚಂದಪ್ಪನನ್ನು ಇಟ್ಟು, ಔಡಲ ಎಲೆ ಸುತ್ತಿ ಹಳೆಯ ಧೋತರದ ಚೂರಿನಿಂದ ಕಟ್ಟಿಬಿಡುತ್ತಿದ್ದರು. ನೊಣ ಕುಳಿತರೂ ಓಡಿಸುವಂತಿಲ್ಲ, ಮೂಗು ತುರಿಸಿದರೆ ಅಕ್ಕನನ್ನು ಕರೆಯಬೇಕು. ಈಗ ಆ ಬೇಲಿ ಇಲ್ಲ. ಊರ ಸುತ್ತ ದ್ರಾಕ್ಷಿ ಬಂತು, ತಂತಿ ಬಂತು, ಬೇಲಿ ಹೋಯಿತು. ದ್ರಾಕ್ಷಿಯಿಂದ ನಾಲ್ಕು ಮನೆಗಳು ಮಾಳಿಗೆ ಕಂಡಿವೆಯಾದ್ದರಿಂದ ಅದನ್ನು ಬಯ್ಯುವ ಮನಸ್ಸು ನನಗಿಲ್ಲ. ಆದರೆ ಮದರಂಗಿಯ ಪುಡಿಗಾಗಿ ನಾವಿಂದು ರಾಜಸ್ಥಾನದ ಪಾಲಿ ಜಿಲ್ಲೆಯ ಸೋಜತಿನ ಕಡೆ ಮುಖ ಮಾಡಿರುವುದು ನಾಚಿಕೆಯ ಸಂಗತಿ. ಸೋಜತಿನವರು ತಮ್ಮ ಎಲೆಗೆ ೨೦೨೧ರಲ್ಲಿ ಭೌಗೋಳಿಕ ಗುರುತಿನ ಮನ್ನಣೆಯನ್ನೂ ಪಡೆದರು. ಅವರಿಗೆ ಅಭಿನಂದನೆ. ನಮ್ಮ ಬೇಲಿಯಲ್ಲಿ ಬೆಳೆದದ್ದಕ್ಕೆ ನಾವು ಹೆಸರನ್ನೂ ಉಳಿಸಿಕೊಳ್ಳಲಿಲ್ಲ.

ನನ್ನ ಮುಖ್ಯ ಆಕ್ಷೇಪ ಇನ್ನೂ ಬೇರೆ. ಆ ಕಟ್ಟಿದ ಕೈಗಳ ರಾತ್ರಿಯನ್ನು ನೆನೆಸಿಕೊಳ್ಳಿರಿ. ಕೈ ಕಟ್ಟಿದ ಹೆಣ್ಣು ರೊಟ್ಟಿ ಬಡಿಯಲಾರಳು, ಭಾಂಡೆ ತಿಕ್ಕಲಾರಳು, ಕಸ ಹೊಡೆಯಲಾರಳು. ಆಕೆಗೆ ನೀರು ಬೇಕಾದರೆ ಇನ್ನೊಬ್ಬರು ತಂಬಿಗೆ ಹಿಡಿಯಬೇಕು. ಗಂಡನ ಮನೆಯಲ್ಲಿ ವರ್ಷವಿಡೀ ಬಡಿಸಿ ಬಳಲಿ ಪಂಚಮಿಗೆ ತವರಿಗೆ ಬಂದ ನಮ್ಮ ದೊಡ್ಡಕ್ಕನಿಗೆ ಅವ್ವ ತುತ್ತು ಮಾಡಿ ಉಣಿಸುತ್ತಿದ್ದುದನ್ನು ನಾನು ನೋಡಿದ್ದೇನೆ. ಎರಡು ಮಕ್ಕಳ ತಾಯಿ ಆಕೆ, ಕೂಸಿನಂತೆ ಬಾಯಿ ತೆರೆಯುತ್ತಿದ್ದಳು. ಯಾವ ಮಾವನೂ ಅತ್ತೆಯೂ ಆ ರಾತ್ರಿ ಆಕೆಯ ಕೈಗೆ ಕೆಲಸ ಹಚ್ಚುವಂತಿರಲಿಲ್ಲ. ಮದರಂಗಿ ಹಚ್ಚುವುದು ಹೆಣ್ಣಿನ ಮೇಲೆ ಹೇರಿದ ಹೊರೆ ಎಂದು ಈಚೆಗೆ ಒಂದು ಗೋಷ್ಠಿಯಲ್ಲಿ ಕೇಳಿದೆ. ಅರೆಯುವ ದುಡಿಮೆ ಹೊರೆಯೇ, ಒಪ್ಪುತ್ತೇನೆ. ಅವ್ವನ ರಟ್ಟೆ ನೋಯುತ್ತಿತ್ತು. ಅದಕ್ಕೆ ಈಗ ಮಿಕ್ಸರು ಇದೆ. ಆದರೆ ಹತ್ತು ನಿಮಿಷದ ಕೋನು ಉಳಿಸಿದ್ದು ಯಾರ ವೇಳೆಯನ್ನು? ಹನ್ನೊಂದನೆಯ ನಿಮಿಷಕ್ಕೆ ಆಕೆಯ ಕೈ ಮತ್ತೆ ಒಲೆಯ ಮುಂದೆ ಇರುತ್ತದೆ. ಕೋನನ್ನು ಹೊಗಳಿದ ನನ್ನ ಮಿತ್ರರು ಗಂಡಸರು ಎಂಬುದನ್ನು ವಾಚಕರು ಮರೆಯಬಾರದು.

ಇಲ್ಲಿ ಒಂದು ಮಾತು ನನ್ನನ್ನೇ ಕುಟುಕುತ್ತದೆ. ಬೆಳಗಿನ ಜಾವ ಟಂಟಂ ಹತ್ತಿ ದ್ರಾಕ್ಷಿ ತೋಟದ ಕೆಲಸಕ್ಕೆ ಹೋಗುವ ತಿಕೋಟಾದ ಹೆಣ್ಣುಮಕ್ಕಳಿಗೆ ರಾತ್ರಿಯೆಲ್ಲ ಕೈ ಕಟ್ಟಿಕೊಂಡು ಕೂಡಿರೆಂದು ಪಗಾರ ತೆಗೆದುಕೊಳ್ಳುವ ನಾನು ಉಪದೇಶ ಮಾಡುವುದು ಸುಲಭ. "ನಿಮಗ ಸೂಟಿ ಐತ್ರಿ ಅಕ್ಕಾರ, ನಮಗೆಲ್ಲೈತಿ?" ಎಂದು ಅವರಲ್ಲಿ ಒಬ್ಬಾಕೆ ಕೇಳಿಯೇಬಿಟ್ಟಳು. ಆಕೆಗೆ ಕೊಡಲು ನನ್ನಲ್ಲಿ ಉತ್ತರವಿಲ್ಲ. ಆಕೆಯ ಕೈಗೆ ವಿಷ ಮಾರುವವನಿಗೂ ಅದರಿಂದ ಸಮರ್ಥನೆ ಸಿಕ್ಕುವುದಿಲ್ಲ.

ಇನ್ನು ಇತಿಹಾಸದ ಮಿತ್ರರ ತೀರ್ಪು. ಮೆಹಂದಿ ಎಂಬ ಶಬ್ದದ ಮೂಲ ಸಂಸ್ಕೃತದ ಮೇಂಧಿಕಾ ಎಂದು ನಿಘಂಟುಕಾರರು ಹೇಳುತ್ತಾರೆ. ಇಂಗ್ಲಿಷರ ಹೆನ್ನಾ ಅರಬ್ಬಿಯ ಹಿನ್ನಾ. ತೆಲುಗರಿಗೆ ಅದು ಗೋರಿಂಟಾಕು, ತಮಿಳರಿಗೆ ಮರುದಾಣಿ, ಮಲೆಯಾಳಿಗಳಿಗೆ ಮೈಲಾಂಚಿ, ನಮಗೆ ಮದರಂಗಿ. ಗೋರಂಟಿ ಎಂದೂ ಉಂಟು, ಆದರೆ ಆ ಹೆಸರು ಮುಳ್ಳಿನ ಹೂಗಿಡವೊಂದಕ್ಕೂ ಸಲ್ಲುವುದರಿಂದ ನಾನು ಮದರಂಗಿಯ ಪಕ್ಷ. ಇಷ್ಟೊಂದು ಮನೆಮಾತುಗಳಲ್ಲಿ ಬೇರೆ ಬೇರೆ ಹೆಸರು ಪಡೆದ ಗಿಡವನ್ನು ಹೊರಗಿನದೆಂದು ಯಾವ ಬಾಗಿಲಿನಿಂದ ಹೊರಹಾಕುವುದು? ಹೊರಗಿನಿಂದ ಬಂದದ್ದು ಬೇಡವೆಂದರೆ ಮೆಣಸಿನಕಾಯಿ, ಶೇಂಗಾ ಎರಡೂ ಅಮೆರಿಕ ಖಂಡದವು. ಪಂಚಮಿಯ ಶೇಂಗಾದ ಉಂಡಿಯನ್ನು ಮಿತ್ರರು ಮೊದಲು ಬಿಡಲಿ. ವಿಜಾಪುರದ ನಮ್ಮ ಓಣಿಯಲ್ಲಿ ನಾವೆಲ್ಲ ಖಾಲಾ ಎಂದು ಕರೆಯುವ ಹಿರಿಯರೊಬ್ಬರಿದ್ದಾರೆ. (೨೦೧೪ರಿಂದ ಊರಿನ ಹೆಸರು ವಿಜಯಪುರ, ನಾಲಗೆಗೆ ಇನ್ನೂ ಹಳೆಯ ರೂಢಿ.) ರಮಜಾನಿನ ಚಂದ್ರ ಕಾಣುವ ಹಿಂದಿನ ದಿನ ಅವರು ಎಲೆಪುಡಿಯನ್ನು ಹಳೆಯ ಓಢಣಿಯಲ್ಲಿ ಸೋಸಿ, ಚಹದ ಡಿಕಾಕ್ಷನ್ನಿನಲ್ಲಿ ಕಲಸಿ, ತಾವೇ ಸುತ್ತಿದ ಕೋನಿನಲ್ಲಿ ತುಂಬುತ್ತಾರೆ. ಕೋನಿನೊಂದಿಗೆ ನನ್ನ ಜಗಳವಿಲ್ಲ ಎಂಬುದು ಇದರಿಂದ ಸ್ಪಷ್ಟವಾಗಬೇಕು. ನಮ್ಮ ಹಿತ್ತಲಿನ ಎಲೆ ಅವರ ಹಬ್ಬಕ್ಕೆ ಹೋಗುತ್ತದೆ, ಅವರು ಸೋಸಿದ ಪುಡಿ ನಮ್ಮ ಹಬ್ಬಕ್ಕೆ ಬರುತ್ತದೆ.

ನನ್ನ ಪಕ್ಷದವರಿಗೂ ಒಂದು ಮಾತು ಹೇಳಬೇಕು. ಮನೆಯದು, ಗಿಡದ್ದು ಎಂದು ಎಳೆಗೂಸುಗಳ ಅಂಗೈ ಅಂಗಾಲಿಗೆಲ್ಲ ಮದರಂಗಿ ಮೆತ್ತುವ ಅಜ್ಜಿಯರಿದ್ದಾರೆ. ಜಿ-೬-ಪಿ-ಡಿ ಎಂಬ ಕಿಣ್ವದ ಕೊರತೆಯೊಂದಿಗೆ ಹುಟ್ಟಿದ ಮಕ್ಕಳಲ್ಲಿ ಶುದ್ಧ ಮದರಂಗಿಯೂ ರಕ್ತದ ಕಣಗಳನ್ನು ಒಡೆದದ್ದುಂಟು. ಕೂಸಿಗೆ ಆ ಕೊರತೆ ಇದೆಯೋ ಇಲ್ಲವೋ ಹೊರಗಿನಿಂದ ನೋಡಿ ಹೇಳಲಾಗದು. ಆದ್ದರಿಂದ ಕೂಸುಗಳನ್ನು ಬಿಡಿರಿ. ಅವಕ್ಕೆ ಚೆಂದ ಬೇಕಾಗಿಲ್ಲ.

ಮೊನ್ನೆ ಪೇಟೆಗೆ ಹೋದಾಗ ಒಂದು ಅಂಗಡಿಯಲ್ಲಿ ಕಪ್ಪು ಕೋನನ್ನು ಕೈಗೆ ತೆಗೆದುಕೊಂಡು ನೋಡಿದೆ. ಮೇಲೆ ಒಬ್ಬ ಮದುಮಗಳ ಮುಖ. ತಯಾರಿಸಿದವರ ವಿಳಾಸವಿಲ್ಲ, ತಾರೀಖಿಲ್ಲ, ಒಳಗೇನಿದೆಯೆಂಬ ಒಂದಕ್ಷರವಿಲ್ಲ. ಇದರಲ್ಲಿ ಏನು ಹಾಕಿದ್ದಾರೆಂದು ಅಂಗಡಿಯವರನ್ನು ಕೇಳಿದೆ. "ಇಷ್ಟು ವರ್ಷ ಮಾರೀನ್ರಿ, ಇದನ್ನ ಕೇಳಿದವರು ನೀವ ಮೊದಲನೇದವರು" ಎಂದರು. ಬಿಸ್ಕೀಟಿನ ಪುಡಿಕೆಯ ಮೇಲೆ ಗೋಧಿ ಎಷ್ಟು, ಸಕ್ಕರೆ ಎಷ್ಟು ಎಂದು ಓದಿ ಕೊಳ್ಳುವ ಪಟ್ಟಣದ ತಾಯಂದಿರು ಮಗಳ ಮೈಗೆ ಹಚ್ಚುವುದರ ಬಗ್ಗೆ ಕೇಳುವುದಿಲ್ಲವೇಕೆ? ಶ್ರಾವಣಕ್ಕೆ, ರಮಜಾನಿಗೆ, ಮದುವೆಯ ಹಂಗಾಮಿಗೆ ಮುಂಚೆ ಅಧಿಕಾರಿಗಳು ಪೇಟೆಗಿಳಿದು ಹೆಸರಿಲ್ಲದ ಕೋನುಗಳನ್ನು ಎತ್ತಿಸಬೇಕೆಂದು ಬರೆದು ಕೊಟ್ಟಿದ್ದೇನೆ. ಉತ್ತರದ ದಾರಿ ಕಾಯುತ್ತಿದ್ದೇನೆ.

ಅಲ್ಲಿಯವರೆಗೆ ನಮ್ಮ ಹಿತ್ತಲಲ್ಲಿ ಎರಡು ಗಿಡಗಳಿವೆ, ತಿಕೋಟಾದ ಆ ಹಳೆಯ ಬೇಲಿಯ ಕೊಂಬೆಯಿಂದ ಹಚ್ಚಿದವು. ಮಳೆಗಾಲದಲ್ಲಿ ಗೇಣುದ್ದ ಕೊಂಬೆ ನೆಟ್ಟರೆ ಹತ್ತುತ್ತದೆ, ಕೇಳಿದವರಿಗೆ ಕೊಡುತ್ತೇನೆ. ಇತಿಹಾಸದ ಮಿತ್ರರ ಮನೆಯವರು ಹೋದ ವಾರವೇ ಬಂದು ನಾಲ್ಕು ಕೊಂಬೆ ಒಯ್ದಿದ್ದಾರೆ. ಮಿತ್ರರಿಗೆ ಇನ್ನೂ ಗೊತ್ತಿದ್ದಂತಿಲ್ಲ.