ಹೆಕ್ಟೇರಿಗೆ ಹೆಕ್ಟೇರು ಸಮವಲ್ಲ

ಒಂದೆಡೆ ಕಾಡು ಕಡಿದರೆ ಇನ್ನೊಂದೆಡೆ ಅಷ್ಟೇ ಭೂಮಿಯಲ್ಲಿ ಸಸಿ ನೆಟ್ಟು ಲೆಕ್ಕ ಚುಕ್ತಾ ಮಾಡಬಹುದೆಂಬುದು ಯೋಜನೆಗಳ ಕಡತಗಳಲ್ಲಿ ಬೇರೂರಿರುವ ನಂಬಿಕೆ. ಅರಣ್ಯ ಸಂರಕ್ಷಣಾ ಕಾಯ್ದೆಯಡಿ 2022ರಲ್ಲಿ ಬಂದ ನಿಯಮಗಳಂತೂ, ಅರಣ್ಯ ಅಧಿಕವಿರುವ ರಾಜ್ಯಗಳು ಈ ಬದಲಿ ನೆಡುತೋಪನ್ನು ಬೇರೆ ರಾಜ್ಯದಲ್ಲಿಯೇ ಬೆಳೆಸಲು ಅವಕಾಶವಿತ್ತವು. ಅಕ್ಷಾಂಶ ಮತ್ತು ಎತ್ತರಗಳೆಂಬ ಎರಡು ಅಳತೆಗಳನ್ನು ಈ ಲೆಕ್ಕ ಕಾಣುವುದೇ ಇಲ್ಲ.

ಪಶ್ಚಿಮ ಘಟ್ಟಗಳು ತಪತಿ ನದಿಯ ಬಳಿಯಿಂದ ಕನ್ಯಾಕುಮಾರಿಯ ಸಮೀಪದವರೆಗೆ ಸುಮಾರು 1,600 ಕಿ.ಮೀ. ಚಾಚಿವೆ. ದಕ್ಷಿಣದ ತುದಿಯಲ್ಲಿ ಒಣ ತಿಂಗಳುಗಳು ಎರಡೋ ಮೂರೋ. ಉತ್ತರದ ತುದಿಯಲ್ಲಿ ಏಳೆಂಟು. ಬೀಳುವ ಮಳೆಯಷ್ಟೇ ಅಲ್ಲ, ಮಳೆಯಿಲ್ಲದ ದಿನಗಳ ಉದ್ದವೂ ನಿತ್ಯಹರಿದ್ವರ್ಣದ ಮರಗಳ ಬಾಳನ್ನು ನಿರ್ಧರಿಸುತ್ತದೆ. ಆದ್ದರಿಂದಲೇ ಉತ್ತರಕ್ಕೆ ಸರಿದಂತೆ ಅವುಗಳ ಜಾತಿಗಳು ಕುಗ್ಗುತ್ತವೆ. ಉಳಿದವು ಬೇಸಿಗೆಯಲ್ಲೂ ಬತ್ತದ ಹಳ್ಳಗಳನ್ನು ಆಶ್ರಯಿಸುತ್ತವೆ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ರಾಮಪತ್ರೆ ಜಡ್ಡಿಗಳು ಅಂಥ ಆಶ್ರಯತಾಣಗಳು. ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬ ಮರವು ಆ ಕಾನಿನ ಹೆಸರನ್ನೇ ಹೊತ್ತು 2000ದಲ್ಲಿ ವಿಜ್ಞಾನಕ್ಕೆ ಪರಿಚಯವಾಯಿತು. ದಕ್ಷಿಣ ಕೇರಳದವೆಂದೇ ಭಾವಿಸಲಾಗಿದ್ದ ಸಿಝೀಜಿಯಂ ಟ್ರಾವಂಕೋರಿಕಂ, ಮಧುಕ ಬೋರ್ಡಿಲ್ಲೋನಿ ಮರಗಳೂ ಉತ್ತರ ಕನ್ನಡದ ಜಡ್ಡಿಗಳಲ್ಲಿ ದೊರೆತವು.

ಎತ್ತರದ ಕಥೆಯೂ ಇಂಥದೇ. ಸಾವಿರ ಮೀಟರ್ ಏರಿದರೆ ಉಷ್ಣಾಂಶ ಸುಮಾರು ಆರು ಡಿಗ್ರಿ ಇಳಿಯುತ್ತದೆ. ಘಟ್ಟದ ತಪ್ಪಲಿನಲ್ಲಿ ಧೂಪ, ಹೈಗ ಮರಗಳ ಮುಗಿಲೆತ್ತರದ ಕಾಡು. ಕುದುರೆಮುಖ, ಬಾಬಾಬುಡನ್‌ಗಿರಿಗಳ ನೆತ್ತಿಯಲ್ಲಿ ಹುಲ್ಲುಗಾವಲು, ಅದರ ಮಡಿಲುಗಳಲ್ಲಿ ಗಿಡ್ಡ ಮರಗಳ ಶೋಲಾ. ಮೇಲೆ ಜಾತಿಗಳು ಕಡಿಮೆಯಿರಬಹುದು. ಆದರೆ ಅವುಗಳಲ್ಲಿ ಅನೇಕವು ಕೆಳಗೆ ಬಾಳಲಾರವು. ನೀಲಗಿರಿಯ ದೊಡ್ಡಬೆಟ್ಟದ ಎತ್ತರ 2,637 ಮೀಟರ್. ನಮ್ಮ ರಾಜ್ಯದ ಅತ್ಯುನ್ನತ ಶಿಖರ ಮುಳ್ಳಯ್ಯನಗಿರಿಯದು ಸುಮಾರು 1,930. ಭೂಮಿ ಬಿಸಿಯೇರಿದಂತೆ ತಂಪನ್ನರಸಿ ಮೇಲೇರಬೇಕಾದ ಸಸ್ಯಕ್ಕೆ ಅಲ್ಲಿ ಇನ್ನೂ ಏಳುನೂರು ಮೀಟರ್ ಏರಲು ನೆಲವಿದೆ. ಇಲ್ಲಿ ಉಳಿಯುವುದು ಬರಿಯ ಆಕಾಶ. ಕುದುರೆಮುಖದ ಗಣಿಗಾರಿಕೆ 2005ರ ಕೊನೆಗೆ ನಿಂತಿತು. ಆದರೆ ಅಗೆದ ನೆತ್ತಿಗೆ ಬದಲಿ ನೆತ್ತಿಯನ್ನು ಬೆಳೆಸಿಕೊಡುವ ಸಸ್ಯಕ್ಷೇತ್ರ ಯಾವ ಇಲಾಖೆಯಲ್ಲೂ ಇಲ್ಲ.

ನಾಡಿಗೆ ವಿದ್ಯುತ್ತು ಬೇಕು, ರಸ್ತೆ ಬೇಕು ಎಂಬ ವಾದ ಸುಳ್ಳಲ್ಲ. ಆದರೆ 1964ರಲ್ಲಿ ಲಿಂಗನಮಕ್ಕಿಗಾಗಿ ಒಮ್ಮೆ ಮುಳುಗಿದ ಶರಾವತಿ ಕಣಿವೆಯಲ್ಲಿ 2,000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್‌ನಂಥ ಯೋಜನೆಯನ್ನು ತೂಗುವಾಗ ಎಷ್ಟು ಹೆಕ್ಟೇರು ಎಂಬ ಒಂದೇ ಪ್ರಶ್ನೆ ಸಾಲದು. ಯಾವ ಎತ್ತರದ ಕಾಡು, ಯಾವ ಅಕ್ಷಾಂಶದ್ದು, ಅಂಥದೇ ಕಾಡು ಇನ್ನೆಲ್ಲಿ ಉಳಿದಿದೆ ಎಂಬುದನ್ನು ಮೊದಲು ಕೇಳಬೇಕು. ಇನ್ನೆಲ್ಲಿಯೂ ಇಲ್ಲವೆಂಬ ಉತ್ತರ ಬಂದರೆ ಅನುಮತಿಯ ಕಡತವನ್ನು ಅಲ್ಲಿಗೇ ಮುಚ್ಚಬೇಕು. ಗ್ರಾಮಸಭೆಗಳೂ ಜೀವವೈವಿಧ್ಯ ಸಮಿತಿಗಳೂ ಪ್ರತಿಯೊಂದು ಅಹವಾಲು ಸಭೆಯಲ್ಲಿ ಈ ಪ್ರಶ್ನೆಯನ್ನು ಎತ್ತಿ, ಲಿಖಿತ ಉತ್ತರವನ್ನು ಪಡೆಯುವುದು ಅಗತ್ಯ.