ಹೋಬಳಿಗೆ ಅಧಿಕಾರಿ ಇದ್ದಾರೆ, ಮೆಂಬರ್ ಎಲ್ಲಿ?

ಚರಂಡಿ ಕಟ್ಟಿದರೆ, ಬೀದಿದೀಪ ಕೆಟ್ಟರೆ ನಾವು ಗ್ರಾಮ ಪಂಚಾಯಿತಿ ಮೆಂಬರನ್ನು ಹಿಡಿದು ಕೇಳುತ್ತೇವೆ. ಓಟು ಹಾಕಿದ್ದೇವೆ, ಕೇಳುವ ಹಕ್ಕಿದೆ. ಆದರೆ ಪೌತಿ ಖಾತೆ, ಪಿಂಚಣಿ, ಜಾತಿ-ಆದಾಯ ಪತ್ರ ಎಂದರೆ ಅದು ಹೋಬಳಿಯ ನಾಡಕಚೇರಿಯ ಕೆಲಸ. ಅಲ್ಲಿ ನಮ್ಮ ಮೆಂಬರ್ ಯಾರೂ ಇಲ್ಲ.

ಇದು ಹಳೇ ಕಥೆ. ಹಳೇ ಮೈಸೂರಿನಲ್ಲಿ ಊರಿಗೆ ಪಟೇಲ, ಶಾನುಭೋಗ, ಹೋಬಳಿಗೆ ಶೇಕದಾರ, ತಾಲ್ಲೂಕಿಗೆ ಅಮಲ್ದಾರ. 1961ರ ಕಾಯ್ದೆಯಿಂದ ವಂಶಪಾರಂಪರ್ಯದ ಪಟೇಲಿಕೆ, ಶಾನುಭೋಗಿಕೆ ರದ್ದಾದವು. ಗ್ರಾಮ ಲೆಕ್ಕಿಗರು, ಕಂದಾಯ ನಿರೀಕ್ಷಕರು ಬಂದರು. ಇವರನ್ನೂ ನೇಮಿಸುವುದು ಸರ್ಕಾರವೇ.

ಅಧಿಕಾರ ಹಳ್ಳಿಗೆ ಬರಲಿ ಎಂದು ಅಬ್ದುಲ್ ನಜೀರ್ ಸಾಬ್ ಶ್ರಮಿಸಿದರು. 1983ರ ಕಾಯ್ದೆಯಂತೆ 1987ರಲ್ಲಿ ಚುನಾವಣೆ ನಡೆದು ಮಂಡಲ ಪಂಚಾಯಿತಿಗಳು ಬಂದವು. 1993ರ ಕಾಯ್ದೆ ಗ್ರಾಮ, ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳನ್ನು ಕೊಟ್ಟಿತು. ಹೋಬಳಿಗೆ ಮಾತ್ರ ಚುನಾಯಿತ ಸಭೆ ಸಿಗಲಿಲ್ಲ. ಓಟಿನ ಗಡಿ ಒಂದು, ಜಮೀನಿನ ಗಡಿ ಇನ್ನೊಂದು ಎಂದಾಯಿತು.

ಇದರ ಪೆಟ್ಟು ಬೀಳುವುದು ರೈತರಿಗೆ. ಪಹಣಿಯಲ್ಲಿ ತೀರಿಹೋದ ತಾತನ ಹೆಸರೇ ಇದ್ದರೆ ಬೆಳೆ ಸಾಲಕ್ಕೂ ತೊಡಕು, ಬೆಳೆ ಪರಿಹಾರಕ್ಕೂ ತೊಡಕು.

ಇನ್ನೊಂದು ಪಂಚಾಯಿತಿ ಬೇಕೆಂದು ನಾವು ಹೇಳುತ್ತಿಲ್ಲ. ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಲೇಬೇಕು. ಕಂದಾಯ ನಿರೀಕ್ಷಕರು ಅಲ್ಲಿಗೆ ಬರಲಿ. ಖಾತೆ ಬದಲಾವಣೆಗೆ ಎಷ್ಟು ಅರ್ಜಿ ಬಂದವು, ಎಷ್ಟು ಮುಗಿದವು, ಉಳಿದವು ಯಾಕೆ ನಿಂತಿವೆ ಎಂದು ಎಲ್ಲರೆದುರು ಓದಲಿ.

ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಕೇಳಿ. ಬಾಯಿಮಾತಿಗೆ ಬಿಡಬೇಡಿ, ನಡವಳಿ ಪುಸ್ತಕದಲ್ಲಿ ಬರೆಸಿ.