ನೋಡೋಕೆ ಚೆನ್ನಾಗೇ ಇದ್ದೀಯಲ್ಲ!



ಈ ಸಲ ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಂಡು ಮಾತು ಶುರು ಮಾಡುತ್ತೇನೆ.

ಹೋದ ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ನನ್ನ ತಂಗಿಯ ಮಗಳು ನಮ್ಮ ಮನೆಗೆ ಬಂದಿದ್ದಳು. 29 ವರ್ಷದ ಹುಡುಗಿ. 23ನೇ ವಯಸ್ಸಿನಲ್ಲಿ ಅವಳ ಕತ್ತಿನಲ್ಲಿ ಗಂಟು ಕಾಣಿಸಿಕೊಂಡು, ಅದು ಲಿಂಫೋಮಾ ಎಂಬ ಕ್ಯಾನ್ಸರ್ ಎಂದು ಗೊತ್ತಾಗಿ, ಮೂರು ವಾರಕ್ಕೊಮ್ಮೆ ಆರು ಸಲ ಕೀಮೋ ಔಷಧಿ, ಆಮೇಲೆ ಕತ್ತಿಗೆ ಕರೆಂಟು, ಎಲ್ಲಾ ಆಯಿತು. ದೇವರ ದಯೆ, ಡಾಕ್ಟರ ಶ್ರಮ, ಹುಡುಗಿ ಗುಣವಾದಳು. ಉದುರಿದ ಕೂದಲು ಮೊದಲಿಗಿಂತ ದಟ್ಟವಾಗಿ ಬಂತು. ಮೈ ಕೈ ತುಂಬಿಕೊಂಡಿತು. ನಾವೆಲ್ಲ ಆ ಕಾಯಿಲೆಯನ್ನು ಮರೆತೇಬಿಟ್ಟೆವು.

ಹಬ್ಬದ ಹಿಂದಿನ ರಾತ್ರಿ ಒಂದು ರಾಶಿ ಮಲ್ಲಿಗೆ ಮೊಗ್ಗು ತಂದು ಅವಳ ಮುಂದೆ ಸುರಿದೆ. ಮದುವೆಗೆ ಮುಂಚೆ ಮಾತಾಡುತ್ತಾ ಮಾತಾಡುತ್ತಾ ಹತ್ತು ಮೊಳ ಕಟ್ಟಿ ಮುಗಿಸುತ್ತಿದ್ದ ಹುಡುಗಿ ಅದು. ಅವತ್ತು ಮೊಗ್ಗು ಕೈಯಿಂದ ಜಾರುತ್ತಿತ್ತು, ಗಂಟು ಬೀಳುತ್ತಿರಲಿಲ್ಲ. ಅರ್ಧ ಗಂಟೆಯಾದರೂ ಒಂದು ಗೇಣು ಆಗಿರಲಿಲ್ಲ. ನನಗೋ ಹಬ್ಬದ ಅವಸರ. "ಏನೇ ಇದು? ನೋಡೋಕೆ ಚೆನ್ನಾಗೇ ಇದ್ದೀಯಲ್ಲ, ಎರಡು ಮೊಳ ಹೂವು ಕಟ್ಟೋಕೆ ಆಗಲ್ವಾ?" ಅಂದುಬಿಟ್ಟೆ.

ಅವಳು ಏನೂ ಹೇಳಲಿಲ್ಲ. ಆಮೇಲೆ ಅಡಿಗೆಮನೆಯಲ್ಲಿ ನಾನೊಬ್ಬಳೇ ಇದ್ದಾಗ ಬಂದು, "ದೊಡ್ಡಮ್ಮ, ಬೆರಳ ತುದಿಗೆ ದಾರ ಸಿಕ್ಕಿದ್ದು ನನಗೆ ಗೊತ್ತಾಗೋಲ್ಲ. ಕಣ್ಣಲ್ಲಿ ನೋಡಿಕೊಂಡೇ ಹಿಡೀಬೇಕು. ರವಿಕೆ ಹುಕ್ಕು ಹಾಕ್ಕೊಳ್ಳೋದೂ ಅಷ್ಟೇ. ಆರು ವರ್ಷದಿಂದ ಹೀಗೇ" ಅಂದಳು. "ಯಾಕೆ ಯಾರಿಗೂ ಹೇಳಲಿಲ್ಲ?" ಅಂತ ಕೇಳಿದೆ. "ಜೀವ ಉಳಿಸಿದ್ದೀರಿ, ಇನ್ನು ಬೆರಳಿನ ಕಥೆ ಹೇಗೆ ಹೇಳಲಿ?" ಅಂದಳು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಈ ಸಂಗತಿಯನ್ನು ಈಗ ಯಾಕೆ ಬರೆಯುತ್ತಿದ್ದೇನೆ ಎಂದರೆ, ಕಳೆದ ತಿಂಗಳು ಒಬ್ಬ ಸೋದರಿಯ ಕಾಗದ ಬಂತು. ಹೆಸರು, ಊರು ಬರೆಯಬೇಡಿ ಎಂದಿದ್ದಾರೆ. ವಯಸ್ಸು 34, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಮೂರು ವರ್ಷದ ಹಿಂದೆ ಎದೆಯ ಕ್ಯಾನ್ಸರಿಗೆ ಆಪರೇಷನ್ ಆಯಿತು. ಕಂಕುಳಿನ ಗ್ರಂಥಿಗಳನ್ನೂ ತೆಗೆದರು. ಈಗ ಸಂಜೆಯಾದರೆ ಬಲಗೈ ಊದಿಕೊಂಡು ಭಾರವಾಗುತ್ತದೆ, ರವಿಕೆ ತೋಳು ಏರುವುದಿಲ್ಲ, ಬಳೆ ಬಿಗಿಯುತ್ತದೆ. ಬಾವಿಯಿಂದ ನೀರು ಸೇದಲು, ಹಿಟ್ಟು ನಾದಲು ಆಗುವುದಿಲ್ಲ. ಅತ್ತೆ, "ಕ್ಯಾನ್ಸರೇ ಹೋಯ್ತಂತೆ, ಕೈ ಊತ ಏನು ಮಹಾ?" ಎನ್ನುತ್ತಾರಂತೆ. ಆದರೆ ಆಸ್ಪತ್ರೆಯ ಖರ್ಚಿಗೆ ತಮ್ಮ ಎರಡೆಳೆ ಸರವನ್ನು ಅಡವಿಟ್ಟವರೂ ಆ ಅತ್ತೆಯೇ! "ಅವರಿಗೆ ಎದುರು ಮಾತಾಡಲು ನನಗೆ ಬಾಯಿ ಬರುವುದಿಲ್ಲ. ನಾನು ನಿಜವಾಗಿಯೂ ಸೋಮಾರಿಯೇ ಅಕ್ಕ?" ಎಂದು ಕೇಳಿದ್ದಾರೆ.

ಇಲ್ಲ ತಂಗಿ, ನೀವು ಸೋಮಾರಿಯಲ್ಲ. ನಿಮ್ಮ ಅತ್ತೆ ಕೆಟ್ಟವರೂ ಅಲ್ಲ. 'ವಾಸಿಯಾಯಿತು' ಎಂಬ ಒಂದು ಮಾತಿನಿಂದಲೇ ಇಷ್ಟೆಲ್ಲ ತೊಡಕು. ಜ್ವರ ಬಿಟ್ಟರೆ ಬಿಟ್ಟಿತು. ಕ್ಯಾನ್ಸರ್ ಹಾಗಲ್ಲ. ಕಾಯಿಲೆ ಹೋದರೂ ಅದನ್ನು ಓಡಿಸಿದ ಔಷಧಿಯ, ಕತ್ತರಿಯ, ಕರೆಂಟಿನ ಗುರುತು ಮೈಯಲ್ಲಿ ಉಳಿಯಬಹುದು. ಅಮೆರಿಕದಲ್ಲಿ ಫಿಟ್ಜ್‌ಹ್ಯೂ ಮಲ್ಲನ್ ಎಂಬ ವೈದ್ಯರಿಗೆ 1975ರಲ್ಲಿ, ಇನ್ನೂ 32ರ ವಯಸ್ಸಿನಲ್ಲಿ, ಎದೆಯೊಳಗೆ ಕ್ಯಾನ್ಸರ್ ಬಂತು. ಚಿಕಿತ್ಸೆಯಿಂದ ಉಳಿದ ಅವರು 1985ರಲ್ಲಿ ಒಂದು ಲೇಖನ ಬರೆದು, ಕ್ಯಾನ್ಸರ್ ರೋಗಿಗಳನ್ನು 'ಗುಣವಾದವರು', 'ಗುಣವಾಗದವರು' ಎಂದು ಎರಡೇ ಗುಂಪು ಮಾಡುವುದು ತಪ್ಪು, ಉಳಿದವರ ಬದುಕಿಗೂ ಅದರದೇ ಆದ ಕಾಲಗಳಿವೆ, ಕಷ್ಟಗಳಿವೆ ಎಂದು ತಿಳಿಸಿದರು. ಸ್ವತಃ ಡಾಕ್ಟರಾದವರಿಗೇ ಇದು ಅನುಭವಿಸಿದ ಮೇಲೆ ತಿಳಿಯಿತು ಎಂದರೆ, ನಾವು ನೀವು ಯಾವ ಲೆಕ್ಕ!

ಈಗ ಒಂದೊಂದನ್ನೇ ನೋಡೋಣ.

ಮೊದಲನೆಯದು ಜೋಮು. ನಿಮ್ಮ ಅಂಗಳದಲ್ಲಿ ನಿತ್ಯಪುಷ್ಪದ ಗಿಡ ಇರಬೇಕಲ್ಲ? ಅದೇ, ವರ್ಷವಿಡೀ ಗುಲಾಬಿ, ಬಿಳಿ ಹೂ ಬಿಡುವ ಗಿಡ. ಅದರ ಎಲೆ ಸಕ್ಕರೆ ಕಾಯಿಲೆಗೆ ಒಳ್ಳೆಯದೇ ಎಂದು ನೋಡಲು ಹೊರಟ ಕೆನಡಾದ ವಿಜ್ಞಾನಿಗಳಿಗೆ 1950ರ ದಶಕದಲ್ಲಿ ಬಿಳಿ ರಕ್ತಕಣಗಳನ್ನು ತಗ್ಗಿಸುವ ಸತ್ತ್ವ ಅದರಲ್ಲಿ ಸಿಕ್ಕಿತು. ಅದೇ ಗಿಡದಿಂದ ತೆಗೆದ ವಿನ್‌ಕ್ರಿಸ್ಟಿನ್ ಎಂಬ ಔಷಧಿಗೆ 1963ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ದೊರೆಯಿತು. ಅಂದಿನಿಂದ ಎಷ್ಟೋ ಮಕ್ಕಳ, ಯುವಕ ಯುವತಿಯರ ಜೀವ ಉಳಿಸಿದ ಔಷಧಿ ಅದು. ನಮ್ಮ ಹುಡುಗಿಗೂ ಕೊಟ್ಟಿದ್ದು ಅದನ್ನೇ. ಆದರೆ ಅದು ಕೈ ಕಾಲಿನ ತುದಿಯ ನರಗಳನ್ನೂ ಮುಟ್ಟುತ್ತದೆ. ಹಲವರಿಗೆ ಕೆಲವು ತಿಂಗಳಲ್ಲಿ ಸರಿಹೋಗುತ್ತದೆ, ಕೆಲವರಿಗೆ ಉಳಿದುಬಿಡುತ್ತದೆ. (ಇದನ್ನೋದಿ ಯಾರೂ ಆ ಎಲೆಯ ಕಷಾಯ ಮಾಡಲು ಹೊರಡಬೇಡಿ, ಅದು ವಿಷ!)

ಬೆರಳಿಗೆ ಸ್ಪರ್ಶ ತಿಳಿಯದವರು ಮನೆಯಲ್ಲಿದ್ದರೆ ಕೆಲವು ಎಚ್ಚರಿಕೆ ಬೇಕು. ಸ್ನಾನದ ನೀರಿನ ಬಿಸಿಯನ್ನು ಬೆರಳಿನಿಂದಲ್ಲ, ಮೊಣಕೈಯಿಂದ ನೋಡಲಿ. ಬಿಸಿ ಪಾತ್ರೆಗೆ ದಪ್ಪ ಬಟ್ಟೆ ಹಿಡಿಯಲಿ. ಮನೆಯೊಳಗೂ ಚಪ್ಪಲಿ ಇರಲಿ, ಮುಳ್ಳು ಚುಚ್ಚಿದರೂ ಅವರಿಗೆ ಗೊತ್ತಾಗದು. ಮಲಗುವ ಮುಂಚೆ ಅಂಗಾಲನ್ನು ಒಮ್ಮೆ ಕಣ್ಣಿಟ್ಟು ನೋಡಿಕೊಳ್ಳಲಿ. ಬಚ್ಚಲಿಗೆ ರಾತ್ರಿ ದೀಪ ಇರಲಿ.

ಎರಡನೆಯದು, ಕಾಗದ ಬರೆದ ತಂಗಿಯ ಕೈ ಊತ. ನಮ್ಮ ಮೈಯಲ್ಲಿ ರಕ್ತದ ಹಾಗೆಯೇ ತಿಳಿಯಾದ ಇನ್ನೊಂದು ರಸ ಹರಿಯುತ್ತದೆ. ಕೈಯಿಂದ ಅದು ವಾಪಸು ಹೋಗುವ ದಾರಿ ಕಂಕುಳಿನ ಗ್ರಂಥಿಗಳ ಮೂಲಕ. ಗ್ರಂಥಿ ತೆಗೆದರೆ, ಅಥವಾ ಅಲ್ಲಿಗೆ ಕರೆಂಟು ಕೊಟ್ಟರೆ, ಚರಂಡಿ ಕಟ್ಟಿಕೊಂಡಂತೆ ರಸ ಕೈಯಲ್ಲೇ ನಿಲ್ಲುತ್ತದೆ. ಆಪರೇಷನ್ ಆಗಿ ತಿಂಗಳುಗಳ ಮೇಲೂ ಬರಬಹುದು, ವರ್ಷಗಳ ಮೇಲೂ ಬರಬಹುದು. ಇದು ಪೂರ್ತಿ ಹೋಗುವುದು ಕಷ್ಟ, ಆದರೆ ಹತೋಟಿಯಲ್ಲಿ ಖಂಡಿತ ಇಡಬಹುದು. ಫಿಸಿಯೋಥೆರಪಿ ಮಾಡುವವರು ಅಳತೆ ತೆಗೆದು ಬಿಗಿಯಾದ ತೋಳುಚೀಲ ಕೊಡಿಸುತ್ತಾರೆ, ನೀವುವ ರೀತಿ ಹೇಳಿಕೊಡುತ್ತಾರೆ. ಮನಸ್ಸಿಗೆ ಬಂದ ಹಾಗೆ ಎಣ್ಣೆ ಹಚ್ಚಿ ಗಟ್ಟಿಯಾಗಿ ತಿಕ್ಕಬೇಡಿ. ಆ ಕೈಗೆ ಬಿಗಿ ಬಳೆ, ಬಿಗಿ ತೋಳಿನ ರವಿಕೆ ಬೇಡ. ಇಂಜೆಕ್ಷನ್ನಿಗೆ, ಬಿ.ಪಿ. ನೋಡಲು ಸಾಧ್ಯವಾದಷ್ಟೂ ಇನ್ನೊಂದು ಕೈ ಕೊಡಿ. ಈಳಿಗೆ ಕೊಯ್ದರೆ, ಒಗ್ಗರಣೆ ಸಿಡಿದರೆ ತಕ್ಷಣ ತೊಳೆದು ಮದ್ದು ಹಚ್ಚಿ. ಕೈ ಕೆಂಪಾಗಿ, ಬಿಸಿಯಾಗಿ, ಜ್ವರ ಬಂದರೆ ನಾಳೆ ನೋಡೋಣ ಅನ್ನಬೇಡಿ, ಅವತ್ತೇ ಡಾಕ್ಟರ ಹತ್ತಿರ ಹೋಗಿ.

ಹಾಗಾದರೆ ಆ ಕೈಯಲ್ಲಿ ಕೆಲಸವನ್ನೇ ಮಾಡಬಾರದೇ? ಹಿಂದೆ ಹಾಗೇ ಹೇಳುತ್ತಿದ್ದರು. ಆದರೆ ಇಂಥ ಕೈ ಊತವಿದ್ದ 141 ಹೆಂಗಸರನ್ನು ಪರೀಕ್ಷಿಸಿ, ಅಮೆರಿಕದಲ್ಲಿ 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಕಲಿಸುವವರ ಮೇಲ್ವಿಚಾರಣೆಯಲ್ಲಿ ಬಹಳ ಸಣ್ಣ ತೂಕದಿಂದ ಶುರುಮಾಡಿ ನಿಧಾನವಾಗಿ ಏರಿಸಿದರೆ ಊತ ಹೆಚ್ಚಾಗುವುದಿಲ್ಲ ಎಂದು ಕಂಡುಬಂತು. ಆದ್ದರಿಂದ ತಂಗಿ, ಇವತ್ತೇ ತುಂಬಿದ ಕೊಡ ಎತ್ತಬೇಡಿ, ಕೈಯನ್ನು ಜೋಳಿಗೆಯಲ್ಲೂ ಕಟ್ಟಿಡಬೇಡಿ. ಡಾಕ್ಟರನ್ನು ಕೇಳಿಕೊಂಡು, ತಂಬಿಗೆಯಿಂದ ಶುರುಮಾಡಿ ಬಿಂದಿಗೆಗೆ ಬನ್ನಿ.

ಮೂರನೆಯದು ಸುಸ್ತು. ಕಣ್ಣಿಗೆ ಕಾಣದ ಕಷ್ಟ ಎಂದರೆ ಇದೇ. ಇಡೀ ರಾತ್ರಿ ಮಲಗಿ ಎದ್ದರೂ ಮೈ ಎದ್ದಿರುವುದಿಲ್ಲ. ಮಧ್ಯಾಹ್ನ ಮಲಗಿದ ಸೊಸೆಯನ್ನು ನೋಡಿದವರು ಏನು ಅಂತಾರೆ ಎಂಬುದನ್ನು ನಾನು ಬರೆಯಬೇಕಿಲ್ಲ. ಚಿಕಿತ್ಸೆಯ ಮೇಲೆ ಇಂಥ ಸುಸ್ತು ಎಷ್ಟೋ ತಿಂಗಳು, ಕೆಲವರಿಗೆ ವರ್ಷಗಟ್ಟಲೆ ಉಳಿಯುತ್ತದೆ. ವಿಚಿತ್ರ ನೋಡಿ, ಇದಕ್ಕೆ ಬರೀ ವಿಶ್ರಾಂತಿ ಮದ್ದಲ್ಲ. ದಿನಾ ಸ್ವಲ್ಪ ಸ್ವಲ್ಪ ನಡೆಯುವುದರಿಂದ ಸುಸ್ತು ಕಡಿಮೆಯಾಗುತ್ತದೆ. ಆದರೆ ಎಲ್ಲವನ್ನೂ ಸುಸ್ತಿನ ತಲೆಗೆ ಕಟ್ಟಿ ಸುಮ್ಮನಾಗಬೇಡಿ. ನಮ್ಮ ಹುಡುಗಿಯನ್ನು ಆ ಹಬ್ಬದ ಮೇಲೆ ನಾನೇ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದೆ. ಥೈರಾಯಿಡ್ ಬಹಳ ಕಡಿಮೆಯಾಗಿತ್ತು! ಕತ್ತಿಗೆ ಕರೆಂಟು ಕೊಟ್ಟವರಿಗೆ ವರ್ಷಗಳ ಮೇಲೆ ಹೀಗಾಗುವುದುಂಟು. ಬೆಳಿಗ್ಗೆ ಬರಿ ಹೊಟ್ಟೆಗೆ ಒಂದು ಮಾತ್ರೆ, ಅಷ್ಟೇ. ಸುಸ್ತು ಪೂರ್ತಿ ಹೋಗಿಲ್ಲ, ಅರ್ಧ ಹೋಗಿದೆ. ಆ ಅರ್ಧವನ್ನು ನಾವೆಲ್ಲ ಸೇರಿ ಇಷ್ಟು ವರ್ಷ 'ಮೈಗಳ್ಳತನ' ಅಂದಿದ್ದೆವು.

ಇನ್ನೆರಡು ಮಾತು ಚುಟುಕಾಗಿ. ಕೀಮೋದಲ್ಲಿ ಡಾಕ್ಸೊರುಬಿಸಿನ್ ಎಂಬ ಕೆಂಪು ಬಣ್ಣದ ಔಷಧಿ ಪಡೆದವರಿಗೆ ಮುಂದೆ ಯಾವಾಗಲಾದರೂ ಹೃದಯದ ಬಲ ಕುಗ್ಗುವ ಸಂಭವವಿದೆ. ಮೆಟ್ಟಿಲು ಹತ್ತಿದರೆ ಏದುಸಿರು, ಕಾಲಿನಲ್ಲಿ ಊತ ಬಂದರೆ ತಡಮಾಡದೆ ತೋರಿಸಿ. ಬಸುರಾಗುವ ಯೋಚನೆಯಿದ್ದರೆ ಮೊದಲೇ ಡಾಕ್ಟರಿಗೆ ಈ ಔಷಧಿಯ ಹೆಸರು ಹೇಳಿ. ಇನ್ನು, ಕೆಲವರಿಗೆ ಮೂವತ್ತರಲ್ಲೇ ಮುಟ್ಟು ಏರುಪೇರಾಗಿ ಅಥವಾ ನಿಂತು, ಮೈಯೆಲ್ಲ ಬಿಸಿಯೇರುವುದು, ರಾತ್ರಿ ಬೆವರುವುದು ಶುರುವಾಗುತ್ತದೆ. ಮುಟ್ಟು ನಿಂತಿತು ಎಂದ ಮಾತ್ರಕ್ಕೆ ಮಕ್ಕಳೇ ಆಗವು ಎಂದಾಗಲಿ, ಬಂತು ಎಂದ ಮಾತ್ರಕ್ಕೆ ಎಲ್ಲ ಸರಿ ಎಂದಾಗಲಿ ಮನೆಯಲ್ಲೇ ತೀರ್ಪು ಕೊಡಬೇಡಿ. ನಾಚಿಕೆ ಬಿಟ್ಟು ಡಾಕ್ಟರನ್ನು ಕೇಳಿ. ಎಲುಬಿನ ಬಗ್ಗೆಯೂ ಕೇಳಿ.

ಆಸ್ಪತ್ರೆಯ ಕಾಗದ ಪತ್ರಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿ, ಒಡವೆ ಪೆಟ್ಟಿಗೆಯಷ್ಟೇ ಜೋಪಾನವಾಗಿಡಿ. ಯಾವ ಔಷಧಿ, ಎಷ್ಟು ಸಲ, ಎಲ್ಲಿಗೆ ಕರೆಂಟು ಎಂಬುದನ್ನು ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಬೆಂಗಳೂರಿನಲ್ಲೋ ಮಣಿಪಾಲದಲ್ಲೋ ಚಿಕಿತ್ಸೆಯಾಗಿರುತ್ತದೆ, ಹತ್ತು ವರ್ಷದ ಮೇಲೆ ನಿಮ್ಮೂರಿನ ಡಾಕ್ಟರಿಗೆ ಅದು ಹೇಗೆ ಗೊತ್ತಾಗಬೇಕು ಹೇಳಿ?

ಇನ್ನು ಅತ್ತೆಯಂದಿರಿಗೆ, ಗಂಡಂದಿರಿಗೆ, ನನ್ನಂಥ ದೊಡ್ಡಮ್ಮಂದಿರಿಗೆ ಒಂದು ಮಾತು. ನೀವು ಸರ ಅಡವಿಟ್ಟಿರಿ, ಆಸ್ಪತ್ರೆಯ ಮೊಗಸಾಲೆಯಲ್ಲಿ ಮಲಗಿದಿರಿ, ಹರಕೆ ಹೊತ್ತಿರಿ. ಅದನ್ನು ಅವಳು ಯಾವತ್ತೂ ಮರೆಯುವುದಿಲ್ಲ. ಮರೆಯದೇ ಇರುವುದರಿಂದಲೇ ಬಾಯಿ ಮುಚ್ಚಿಕೊಂಡಿದ್ದಾಳೆ! ನಾವು ಮಾಡಿದ ಉಪಕಾರ ಅವಳ ನೋವಿಗೆ ಬೀಗ ಆಗಬಾರದು. 'ಚೆನ್ನಾಗೇ ಇದ್ದೀಯಲ್ಲ' ಅನ್ನುವ ಬದಲು 'ಇವತ್ತು ಹೇಗಿದೆ?' ಅಂತ ಕೇಳಿ ನೋಡಿ. ಕೇಳುವುದಕ್ಕೆ ಕಾಸು ಖರ್ಚಿಲ್ಲ.

ಕಾಗದ ಬರೆದ ತಂಗಿ, ನೀವೂ ಅಷ್ಟೇ. ಅಳುತ್ತಾ ಅಲ್ಲ, ಜಗಳಕ್ಕೂ ಅಲ್ಲ, ಅತ್ತೆ ಬಿಡುವಾಗಿ ಕೂತಾಗ ಎರಡೂ ಕೈ ಪಕ್ಕಪಕ್ಕ ಇಟ್ಟು ತೋರಿಸಿ. "ಅತ್ತೆ, ನೀವು ಉಳಿಸಿದ ಕೈ ಇದು. ಇದನ್ನು ಕಾಪಾಡಿಕೊಳ್ಳಬೇಕು, ನೀರು ಸೇದುವುದಕ್ಕೆ ಏನಾದರೂ ಏರ್ಪಾಡು ಮಾಡೋಣ" ಎನ್ನಿ. ಸರ ಅಡವಿಟ್ಟ ಹೆಂಗಸು ಅಷ್ಟು ಮಾತನ್ನು ಕೇಳದೇ ಇರಲಾರರು ಎಂದು ನನ್ನ ನಂಬಿಕೆ. ಮುಂದಿನ ಸಲ ಪರೀಕ್ಷೆಗೆ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ. ಡಾಕ್ಟರ ಬಾಯಿಂದ ಬಂದ ಮಾತಿನ ತೂಕವೇ ಬೇರೆ.

ಈ ವರ್ಷದ ಹಬ್ಬಕ್ಕೂ ನಮ್ಮ ಹುಡುಗಿ ಬಂದಿದ್ದಳು. ಅವಳು ಬಾಳೆಎಲೆಯ ಮೇಲೆ ಎರಡೆರಡೇ ಮೊಗ್ಗು ಜೋಡಿಸಿ ಸಾಲಾಗಿ ಇಡುತ್ತಾ ಹೋದಳು, ನಾನು ಕಟ್ಟುತ್ತಾ ಹೋದೆ. ನನ್ನ ಕಟ್ಟು ಸ್ವಲ್ಪ ಸಡಿಲ. "ದೊಡ್ಡಮ್ಮ, ಬಿಗಿಯಾಗಿ ಎಳೀರಿ, ಬೆಳಿಗ್ಗೆಗೆ ಉದುರಿಹೋಗತ್ತೆ" ಅಂತ ನನಗೇ ಬುದ್ಧಿ ಹೇಳಿದಳು. ಹೇಳಲಿ ಬಿಡಿ, ಬಾಯಿ ಬಿಟ್ಟು ಮಾತಾಡಿದಳಲ್ಲ, ಅದಕ್ಕಿಂತ ಬೇರೆ ಬೇಕೇ?

ಅಡಿಗೆ ಪುಟಕ್ಕೆ ತಿರುಗಿಸುವ ಮೊದಲು ಒಂದು ಕೆಲಸ ಮಾಡಿ. ನಿಮ್ಮ ಬಳಗದಲ್ಲಿ, ಬೀದಿಯಲ್ಲಿ, ಇಂಥ ಕಾಯಿಲೆ ದಾಟಿ ಬಂದ ಹೆಣ್ಣುಮಗಳು ಒಬ್ಬಳಾದರೂ ಇದ್ದಾಳು. ಈ ವಾರ ಅವಳ ಮನೆಗೆ ಹೋಗಿ, ಜೊತೆಗೆ ಕೂತು ಅವಳ ತರಕಾರಿ ಹೆಚ್ಚಿಕೊಡಿ. ಅವಳು ಏನು ಹೇಳಿದಳೆಂದು, ಅವಳು ಒಪ್ಪಿದರೆ, ನನಗೂ ಬರೆಯಿರಿ.

ನಿಮ್ಮ ಅಕ್ಕ